ದಬ್ಬಾಳಿಕೆ ಯಾಕೆ ಹುಟ್ಟುತ್ತದೆ, ಅದರ ಫಲ ಏನು ಅಂತ ಇಸ್ಲಾಂ ಹೇಳುತ್ತದೆ?

ಮುಖ್ಯವಾಗಿ ಎರಡು ಕಾರಣ: ಸೊಕ್ಕು, ದುರಾಸೆ. ತನಗೆ ಯಾರ ಹಂಗೂ ಇಲ್ಲ ಅನ್ನಿಸಿದಾಗ ಮನುಷ್ಯ ಮಿತಿ ಮೀರುತ್ತಾನೆ ಎನ್ನುತ್ತದೆ ಕುರಾನಿನ 96ನೇ ಅಧ್ಯಾಯ. ದುರಾಸೆಯೇ ಹಿಂದಿನವರನ್ನು ರಕ್ತ ಹರಿಸುವ ತನಕ ಒಯ್ದಿತು ಅಂತ ಪ್ರವಾದಿ ಮುಹಮ್ಮದರು ಎಚ್ಚರಿಸಿದ ಹದೀಸ್ (ಪ್ರವಾದಿಯ ನಡೆನುಡಿಯ ವರದಿ) ಕೂಡ ಇದೆ.

ದಬ್ಬಾಳಿಕೆ ಮಾಡೋಕೆ ದೊಡ್ಡ ಅಧಿಕಾರವೇ ಬೇಕಿಲ್ಲ. 83ನೇ ಅಧ್ಯಾಯ ಶುರುವಾಗುವುದೇ ತೂಕದಲ್ಲಿ ಮೋಸ ಮಾಡುವವರ ಮೇಲಿನ ಸಿಟ್ಟಿನಿಂದ. ತಗೊಳ್ಳುವಾಗ ಪೂರ್ತಿ, ಕೊಡುವಾಗ ಕಡಿಮೆ. ದಾವಣಗೆರೆಯ ಎಪಿಎಂಸಿಗೆ ಮೆಕ್ಕೆಜೋಳ ತರುವ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಮಂಡಕ್ಕಿ ಭಟ್ಟಿಯಲ್ಲಿ ದುಡಿದವರ ಕೂಲಿ ಸುಮ್ನೆ ತಡೆಹಿಡಿದರೆ ಅದೂ ಜುಲುಮೆಯೇ. ಬೆವರು ಆರುವ ಮೊದಲೇ ಕೂಲಿ ಕೊಡಿ ಎಂಬ ಪ್ರವಾದಿಯ ಮಾತು ಇರುವುದು ಇದಕ್ಕೇ.

ಫಲದ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ತಟ್ಟುವುದು ದಿವಾಳಿಯಾದವನ ಹದೀಸ್. ದಿವಾಳಿ ಅಂದರೆ ಯಾರು ಅಂತ ಪ್ರವಾದಿ ಕೇಳಿದರು. ದುಡ್ಡಿಲ್ಲದವನು ಎಂದರು ಸಂಗಡಿಗರು. ಅಲ್ಲ, ನಮಾಜು, ಉಪವಾಸ, ಝಕಾತ್ (ಕಡ್ಡಾಯ ದಾನ) ಎಲ್ಲ ಹೊತ್ತು ತಂದರೂ, ಒಬ್ಬರನ್ನು ಬೈದು, ಇನ್ನೊಬ್ಬರ ಆಸ್ತಿ ನುಂಗಿ, ಮತ್ತೊಬ್ಬರನ್ನು ಹೊಡೆದು ಬಂದವನು ಎಂದರು. ಅಂತಿಮ ದಿನ ಅವನ ಪುಣ್ಯವನ್ನೆಲ್ಲ ನೊಂದವರಿಗೆ ಹಂಚಲಾಗುತ್ತದೆ. ಅದು ಸಾಲದಿದ್ದರೆ ಅವರ ಪಾಪ ಇವನ ತಲೆಗೆ. ಅಂದರೆ ಎಷ್ಟು ಪ್ರಾರ್ಥನೆ ಮಾಡಿದರೂ ಜನರ ಬಾಕಿ ತೀರದು.

ಈ ಲೋಕದಲ್ಲೂ ಬಿಡುಗಡೆ ಇಲ್ಲ. ಸಂಗಡಿಗ ಮುಆದ್ ಅವರನ್ನು ಯೆಮೆನ್‌ಗೆ ಕಳಿಸುವಾಗ ಪ್ರವಾದಿ, ನೊಂದವರ ಮೊರೆಗೂ ದೇವರಿಗೂ ನಡುವೆ ಪರದೆ ಇರುವುದಿಲ್ಲ ಎಂದಿದ್ದರು. ದಬ್ಬಾಳಿಕೆ ಮಾಡುವವನಿಗೂ ಸಹಾಯ ಮಾಡಿ ಅಂತಲೂ ಅವರು ಹೇಳಿದ್ದಾರೆ. ಅದು ಹೇಗೆ ಅಂದರೆ, ಅವನ ಕೈ ಹಿಡಿದು ತಡೆದು.