ಕಸವು ಸೀರೆಯ ಫೋಟೊ, ಮಾವನ ಸಿಟ್ಟು

ಪ್ರಶ್ನೆ: ನನ್ನೂರು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮನೆಯಲ್ಲಿ ತುಳು, ಓದಿದ್ದು ಕನ್ನಡ ಮೀಡಿಯಂ. ಪಿಎಸ್‌ಸಿ ಪರೀಕ್ಷೆ ಬರೆದು ಈಗ ತ್ರಿಶೂರಿನಲ್ಲಿ ಸರ್ಕಾರಿ ಕೆಲಸದಲ್ಲಿದ್ದೇನೆ. ಆಫೀಸಿನಲ್ಲಿ ನನ್ನ ಮಲಯಾಳಂ ಕೇಳಿ ನಗುತ್ತಾರೆ, ‘ನೀನು ಮಂಗಳೂರಿನವಳಲ್ವಾ’ ಅನ್ನುತ್ತಾರೆ. ಕಳೆದ ನವೆಂಬರ್ 1ಕ್ಕೆ ಎಲ್ಲರ ಜೊತೆ ಕಸವು ಸೀರೆ (ಕೇರಳದವರು ಹಬ್ಬಕ್ಕೆ ಉಡುವ ಚಿನ್ನದ ಅಂಚಿನ ಸೀರೆ) ಉಟ್ಟು ಸ್ಟೇಟಸ್ ಹಾಕಿದೆ. ಸೋದರಮಾವ ಕುಟುಂಬದ ಗ್ರೂಪಿನಲ್ಲೇ ‘ಸಂಬಳ ಬಂದದ್ದೇ ಕನ್ನಡ ಮರೆತುಹೋಯ್ತಾ?’ ಅಂತ ಬರೆದರು. ಆವತ್ತಿನಿಂದ ಅವರ ಜೊತೆ ಮಾತಿಲ್ಲ. ಕಾಸರಗೋಡಿಗೆ ಟ್ರಾನ್ಸ್‌ಫರ್ ಕೇಳಲಾ?

ಉತ್ತರ: ಸೀರೆ ಉಟ್ಟದ್ದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಜೊತೆಗೆ ಕೆಲಸ ಮಾಡುವವರು ಕರೆದರು, ಹೋದಿರಿ, ಖುಷಿಯಲ್ಲಿ ಫೋಟೊ ತೆಗೆಸಿಕೊಂಡಿರಿ. ಇದಕ್ಕೆ ಯಾರ ಹತ್ತಿರವೂ ಕ್ಷಮೆ ಕೇಳಬೇಡಿ.

ಆದರೆ ಮಾವನ ಸಿಟ್ಟು ಎಲ್ಲಿಂದ ಬಂತು ಅಂತಲೂ ಸ್ವಲ್ಪ ನೋಡಿ. 1956ರ ನವೆಂಬರ್ 1ರಂದು ಅತ್ತ ಕನ್ನಡದ ಊರುಗಳೆಲ್ಲ ಒಂದು ರಾಜ್ಯವಾದವು, ಇತ್ತ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಅದಕ್ಕೇ ಒಂದೇ ದಿನ ಅಲ್ಲಿ ರಾಜ್ಯೋತ್ಸವ, ಇಲ್ಲಿ ಕೇರಳ ಪಿರವಿ, ಅಂದರೆ ಕೇರಳ ಹುಟ್ಟಿದ ದಿನ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಹೋಗಬೇಕು ಅಂತ 1967ರಲ್ಲಿ ಗಡಿ ತಗಾದೆ ನೋಡಲು ನೇಮಿಸಿದ್ದ ಮಹಾಜನ ಆಯೋಗ ಹೇಳಿತು, ಅದು ಕಾಗದದಲ್ಲೇ ಉಳಿಯಿತು. ಅದನ್ನೆಲ್ಲ ಕೇಳುತ್ತಾ ಬೆಳೆದವರಿಗೆ, ಅದೇ ತಾರೀಕಿನಂದು ಅದೇ ಸೀರೆಯಲ್ಲಿ ಸ್ವಂತ ಸೊಸೆಯನ್ನು ಕಂಡಾಗ ಹೊಟ್ಟೆಯಲ್ಲಿ ಸಂಕಟ ಆಗಿರಬಹುದು. ನಿಮಗೆ ಅದು ಬರೀ ಆಫೀಸಿನ ಸಂಭ್ರಮ ಆಗಿತ್ತು.

ಅವರ ನೋವು ನಿಜ. ಅವರು ಕೇಳಿದ ಪ್ರಶ್ನೆ ಮಾತ್ರ ಸರಿಯಲ್ಲ. ಕನ್ನಡದವಳಾಗಿ ಉಳಿಯಬೇಕಾದರೆ ಬೇರೆ ಭಾಷೆಯಿಂದ ಮಾರು ದೂರ ನಿಲ್ಲಬೇಕು ಅನ್ನುವುದು ನಮ್ಮ ಕಡೆ ಯಾವತ್ತು ನಡೆದಿದೆ ಹೇಳಿ? ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. 1949ರಲ್ಲಿ ರಾಷ್ಟ್ರಕವಿ ಅನ್ನಿಸಿಕೊಂಡದ್ದು ಕನ್ನಡದ ಕವಿಯಾಗಿ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ ಕೊನೆಯ ತನಕ ಹೇಳುತ್ತಿದ್ದ ಕನ್ನಡದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ತುಳುವಿನಲ್ಲೂ ಬರೆದರು. ನಿಮ್ಮ ಮಾವನೂ ಅಷ್ಟೇ ಇರಬೇಕು, ತಂಗಿಯ ಹತ್ತಿರ ತುಳು, ಪೇಪರ್ ಓದುವುದು ಕನ್ನಡ, ಬಸ್ಸಿನ ಕಂಡಕ್ಟರ್ ಹತ್ತಿರ ಮಲಯಾಳಂ.

ಇದನ್ನೆಲ್ಲ ಗ್ರೂಪಿನಲ್ಲಿ ಉದ್ದಕ್ಕೆ ಬರೆದು ಹಾಕಬೇಡಿ, ಅಲ್ಲಿ ಯಾರೂ ಸೋಲೋದಿಲ್ಲ. ಫೋನ್ ಮಾಡಿ. ‘ಮಾವ, ನಿಮಗೆ ಬೇಜಾರಾದದ್ದು ಗೊತ್ತಾಯ್ತು, ಆದರೆ ಎಲ್ಲರ ಎದುರು ಹಾಗೆ ಬರೆದದ್ದು ನನಗೂ ತುಂಬಾ ಬೇಜಾರಾಯ್ತು’ ಅನ್ನಿ. ಆಮೇಲೆ ಅವರ ಕಾಲದ ಕತೆ ಕೇಳಿ. ಸುಮ್ನೆ ಸಮಾಧಾನಕ್ಕೆ ಅಂತಲ್ಲ, ನಿಮಗೂ ಅದು ಗೊತ್ತಿರಬೇಕಾದ ಕತೆಯೇ.

ಆಫೀಸಿನ ನಗುವಿನ ಬಗ್ಗೆ ನನಗೆ ಜಾಸ್ತಿ ಸಿಟ್ಟಿದೆ. ಕಾಸರಗೋಡಿನ ಮಲಯಾಳಿಗಳೇ ದಕ್ಷಿಣಕ್ಕೆ ಹೋಗಿ ಬಾಯಿ ಬಿಟ್ಟರೆ ನಗುವವರಿದ್ದಾರೆ, ಹಾಗಾಗಿ ನಿಮ್ಮ ನಾಲಿಗೆಯಲ್ಲೇ ಏನೋ ಕೊರತೆ ಇದೆ ಅಂತ ಕುಗ್ಗಬೇಡಿ. ಈವರೆಗೆ ನೀವೂ ಜೊತೆಗೆ ನಕ್ಕುಬಿಟ್ಟಿದ್ದೀರಿ ಅಂತ ನನ್ನ ಊಹೆ. ಇನ್ನು ನಗಬೇಡಿ. ‘ಮಂಗಳೂರಲ್ಲ, ಕಾಸರಗೋಡು. ಕನ್ನಡದವಳು, ಕೇರಳದವಳೇ’ ಅಂತ ಮಲಯಾಳಂನಲ್ಲೇ ಹೇಳಿ, ಫೈಲ್ ತೆರೆದು ಕೆಲಸ ಮುಂದುವರಿಸಿ. ಮತ್ತೆ ಕೇಳಿದರೆ ಮತ್ತೆ ಅದೇ ಮಾತು. ಹಾಗಂತ ಇಡೀ ಕನ್ನಡದ ಪರವಾಗಿ ಉತ್ತರ ಕೊಡುತ್ತಾ ಕೂರಬೇಕಾಗಿಲ್ಲ, ನೀವು ಅಲ್ಲಿಗೆ ಹೋದದ್ದು ನೌಕರಿಗೆ.

ಒಂದು ವಿಷಯ ನನಗೆ ಚುಚ್ಚಿತು. ಪತ್ರದಲ್ಲಿ ಮಾವ ಏನಂದರು, ಆಫೀಸಿನವರು ಏನಂದರು ಎಲ್ಲ ಇದೆ. ನಿಮಗೇನು ಇಷ್ಟ ಅನ್ನುವುದು ಒಂದು ಸಾಲೂ ಇಲ್ಲ. ತ್ರಿಶೂರು ಇಷ್ಟವಾಗಿದೆಯಾ? ಆ ಸೀರೆ ಉಟ್ಟಾಗ ಚೆಂದ ಕಂಡಿತಾ? ಮುಂದಿನ ನವೆಂಬರ್‌ನಲ್ಲಿ ಉಡುವುದೂ ಬಿಡುವುದೂ ಇದನ್ನು ನೋಡಿಕೊಂಡೇ ತೀರ್ಮಾನವಾಗಲಿ.

ಟ್ರಾನ್ಸ್‌ಫರ್ ಕೂಡ ಹಾಗೆಯೇ. ಅಮ್ಮನ ಹತ್ತಿರ ಇರಬೇಕು, ಊರಿನ ಯಕ್ಷಗಾನದ ಆಟ, ಭೂತಕೋಲ ನೋಡಬೇಕು ಅಂತ ಮನಸ್ಸಿದ್ದರೆ ಅರ್ಜಿ ಹಾಕಿ, ನಾನು ಬೇಡ ಅನ್ನುವುದಿಲ್ಲ. ನಗುವವರಿಂದ ತಪ್ಪಿಸಿಕೊಳ್ಳಲು ಅಂತಾದರೆ ಈಗಲೇ ಬೇಡ. ಮೊದಲು ಮಾವನಿಗೆ ಫೋನ್ ಮಾಡಿ, ಆಫೀಸಿನಲ್ಲಿ ಆ ಎರಡು ವಾಕ್ಯ ಹೇಳಿ ನೋಡಿ. ಆಮೇಲೂ ಊರಿಗೇ ಬರಬೇಕು ಅನ್ನಿಸಿದರೆ ಆಗ ಅರ್ಜಿ ಹಾಕಬಹುದು.