ಮ್ಯಾಗ್ನೆಟ್ ಬೆಲ್ಟಿನ ಹಿಂದಿರುವ ಕಬ್ಬಿಣದ ಬಿಲ್ಲೆ ಕಿತ್ತರೆ ಪವರ್ ಜಾಸ್ತಿ ಆಗುತ್ತಾ?

ನಿಮ್ಮ ತಂದೆಯವರ ಮಂಡಿ ಬೆಲ್ಟಿನಲ್ಲಿ ಪ್ರತಿ ಮ್ಯಾಗ್ನೆಟ್ಟಿನ ಹಿಂದೆ ಒಂದೊಂದು ಬಿಲ್ಲೆ ಇದೆ, ಅದು ಶಕ್ತಿಯನ್ನು ತಡೆಯುತ್ತಿದೆಯೇನೋ, ಕೀಳಲಾ ಅಂತ ಕೇಳಿದ್ದೀರಿ. ಕೀಳಬೇಡಿ. ಬಿಲ್ಲೆ ಹೊರಗಡೆ ಇದ್ದರೆ, ಕಿತ್ತಾಗ ಮೈ ಕಡೆ ಕಮ್ಮಿಯೇ ಆಗುತ್ತದೆ.

ನಾನು ಡಾಕ್ಟರ್ ಅಲ್ಲ. ಹಾಸನದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇದೆ, ಪಂಪ್‌ಸೆಟ್ ಮೋಟಾರು ಬಿಚ್ಚಿ ಕಟ್ಟುವುದೇ ದಿನದ ಕೆಲಸ, ಮಧ್ಯೆ ಮಧ್ಯೆ ಆರ್ಕೆಸ್ಟ್ರಾದವರ ಸುಟ್ಟ ಸ್ಪೀಕರೂ ಬರುತ್ತವೆ. ಹಾಗಾಗಿ ಕಬ್ಬಿಣ, ಮ್ಯಾಗ್ನೆಟ್ ಎರಡರ ಸಹವಾಸ ಹಳೆಯದು.

ಈ ಬಿಲ್ಲೆಗೆ ಶೀಲ್ಡ್, ಅಂದರೆ ತಡೆ ಅನ್ನುತ್ತಾರೆ. ಹಾಗೆ ಅಂದ ಕೂಡಲೇ ನಾವು ಗೋಡೆ ಅಂದುಕೊಳ್ಳುತ್ತೇವೆ ಅಲ್ವಾ? ಹಾಗಲ್ಲ. ಕಾಂತಶಕ್ತಿಯನ್ನು ತಡೆದು ನಿಲ್ಲಿಸುವ ವಸ್ತು ಇಲ್ಲ, ದಾರಿ ತಿರುಗಿಸಬಹುದು ಅಷ್ಟೇ. ಗದ್ದೆಗೆ ಬದು ಕಟ್ಟಿದ ಹಾಗಲ್ಲ, ನೀರು ಹೋಗಲಿಕ್ಕೆ ಪಕ್ಕದಲ್ಲಿ ಕಾಲುವೆ ತೋಡಿಕೊಟ್ಟ ಹಾಗೆ. ಗಾಳಿಗಿಂತ ಕಬ್ಬಿಣದಲ್ಲಿ ಅದಕ್ಕೆ ಓಡಾಡುವುದು ಸಲೀಸು. ಹಿಂದುಗಡೆ ಹೊರಗೆ ಹರಡಬೇಕಾದದ್ದು ಬಿಲ್ಲೆಯೊಳಗೇ ಸುತ್ತಿ ಅಂಚಿನ ಕಡೆ ವಾಪಸ್ಸು ಬರುತ್ತದೆ. ಹಿಂದೆ ಸೊರಗುತ್ತದೆ, ಮುಂದೆ ಸ್ವಲ್ಪ ಏರುತ್ತದೆ. ಸ್ವಲ್ಪ ಅಂದೆ, ಗಮನಿಸಿ. ಇದರಿಂದ ಎರಡು ಪಟ್ಟು ಪವರ್ ಅನ್ನುವ ಮಾತನ್ನು ನಂಬಬೇಡಿ, ನಾಣ್ಯದಷ್ಟಗಲದ ತೆಳು ಬಿಲ್ಲೆಯಿಂದ ಅಷ್ಟು ಆಗುವುದಿಲ್ಲ. ಬಿಲ್ಲೆ ತೀರಾ ತೆಳುವಾಗಿದ್ದರೆ ಅದೇ ತುಂಬಿ ಹೋಗಿ ಹಿಂದುಗಡೆಯೂ ಸೋರುತ್ತದೆ.

ಅಲ್ಯೂಮಿನಿಯಂ, ತಾಮ್ರ, ಪ್ಲಾಸ್ಟಿಕ್ ಹಾಕಿದರೆ ಹಾಕದ ಹಾಗೇ ಲೆಕ್ಕ. ಅಡುಗೆಮನೆ ಪಾತ್ರೆಯ ಸ್ಟೀಲ್‌ನಲ್ಲೂ ಎಷ್ಟೋ ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ, ಅದೂ ಪ್ರಯೋಜನವಿಲ್ಲ. ಮ್ಯಾಗ್ನೆಟ್ಟಿಗೆ ಚೆನ್ನಾಗಿ ಅಂಟುವ ಮೆತು ಕಬ್ಬಿಣವೋ ಸಾದಾ ಉಕ್ಕೋ ಆಗಬೇಕು.

ಈಗ ನಮ್ಮ ಮನೆಯ ಕಥೆ. ಒಂದು ವರ್ಷ ಹಾಸನಾಂಬೆ ಬಾಗಿಲು ತೆಗೆದಾಗ ಅಮ್ಮ ದರ್ಶನ ಮುಗಿಸಿ ಬರುತ್ತಾ ದಾರಿಯಲ್ಲಿ ಯಾರೋ ಮಾರುತ್ತಿದ್ದ ಮಂಡಿ ಬೆಲ್ಟ್ ತಂದರು. ಎಂಟು ಮ್ಯಾಗ್ನೆಟ್. ಮಾರನೇ ದಿನ ಕಟ್ಟಿಕೊಂಡು ಕೂತು ಅವರೆಕಾಳು ಸುಲಿಯುತ್ತಿದ್ದಾಗ ಅವರ ಬಳೆಗೆ ಸಿಕ್ಕಿಸಿದ ಪಿನ್ನು ಬೆಲ್ಟಿಗೆ ಟಪ್ಪಂತ ಅಂಟಿಕೊಂಡಿತು. ಹೊರಗಿನಿಂದ! ಅಮ್ಮನಿಗೆ ಖುಷಿ, ನೋಡೋ ಎಷ್ಟು ಪವರು ಅಂತ. ನನಗೆ ಅನುಮಾನ. ಬ್ಲೇಡಿನಿಂದ ಒಂದು ಹೊಲಿಗೆ ಬಿಚ್ಚಿ ನೋಡಿದರೆ ಬಿಲ್ಲೆಗಳೆಲ್ಲ ಮಂಡಿ ಕಡೆಗಿದ್ದವು, ಮ್ಯಾಗ್ನೆಟ್ಟಿನ ಖಾಲಿ ಮುಖ ಬೀದಿ ಕಡೆಗೆ. ಹೊಲಿದವರು ತಿರುಗಿಸಿ ಹಾಕಿದ್ದರು. ಅಮ್ಮನ ಮಂಡಿಗಿಂತ ಅವರೆಕಾಯಿ ಮೊರಕ್ಕೇ ಚಿಕಿತ್ಸೆ ಜಾಸ್ತಿ ಆಗಿತ್ತು.

ನೀವೂ ಹೀಗೇ ಪರೀಕ್ಷೆ ಮಾಡಿ. ಬೆಲ್ಟಿನ ಎರಡೂ ಬದಿಗೆ ಗುಂಡುಸೂಜಿ ಹಿಡಿಯಿರಿ. ಮೈ ತಾಕುವ ಕಡೆ ಗಟ್ಟಿಯಾಗಿ ಅಂಟಬೇಕು, ಹೊರಗಡೆ ಅಂಟಿದರೂ ಒದರಿದರೆ ಬೀಳಬೇಕು. ಆಮೇಲೆ ಮಧ್ಯೆ ಪೇಪರ್ ಒಂದೊಂದೇ ಸೇರಿಸುತ್ತಾ ಹೋಗಿ, ಎಷ್ಟನೇ ಹಾಳೆಗೆ ಸೂಜಿ ಕೈಬಿಡುತ್ತದೆ ನೋಡಿ. ಜೆರಾಕ್ಸ್ ಹಾಳೆ ಹತ್ತು ಸೇರಿದರೆ ಸುಮಾರು 1 ಮಿಲಿಮೀಟರ್.

ಆ ಹಾಳೆ ಲೆಕ್ಕದಿಂದ ಇನ್ನೊಂದು ವಿಷಯ ತಿಳಿಯುತ್ತದೆ, ದೂರ ಹೋದ ಹಾಗೆ ಎಷ್ಟು ಬೇಗ ಸಾಯುತ್ತದೆ ಅಂತ. 12 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪದ ಸಾಧಾರಣ ನಿಯೋಡಿಮಿಯಂ ಮ್ಯಾಗ್ನೆಟ್ಟನ್ನು (ಆ ಹೆಸರಿನ ಲೋಹ ಸೇರಿಸಿ ಮಾಡಿದ ಬಲವಾದ ಮ್ಯಾಗ್ನೆಟ್) ಸೂತ್ರದಲ್ಲಿ ಹಾಕಿ ನೋಡಿದೆ. ಮ್ಯಾಗ್ನೆಟ್ಟಿನ ಮುಖದ ಮೇಲೆ ಸುಮಾರು 1900 ಗಾಸ್ (ಕಾಂತಶಕ್ತಿ ಅಳೆಯುವ ಮಾನ). 1 ಸೆಂಟಿಮೀಟರ್ ದೂರದಲ್ಲಿ 220. 2 ಸೆಂಟಿಮೀಟರಿಗೆ 40 ಚಿಲ್ಲರೆ, 3ಕ್ಕೆ 14. ಡಬ್ಬಿ ಮೇಲೆ 12,000 ಗಾಸ್ ಅಂತ ಬರೆದಿರುವುದು ಮ್ಯಾಗ್ನೆಟ್ಟಿನ ಒಳಗಿನ ಲೆಕ್ಕ, ಚರ್ಮಕ್ಕೆ ಸಿಗುವುದಲ್ಲ. ಆದ್ದರಿಂದ ಬಿಲ್ಲೆಗಿಂತ ಜಾಗ ಮುಖ್ಯ. ದಪ್ಪ ಪ್ಯಾಂಟಿನ ಮೇಲೆ ಕಟ್ಟಿದರೆ, ಬೆಲ್ಟಿನೊಳಗೆ ದಪ್ಪ ಸ್ಪಂಜ್ ಇದ್ದರೆ, ಬಿಲ್ಲೆಯಿಂದ ಬಂದ ಲಾಭ ಅಲ್ಲೇ ಮುಗಿಯಿತು. ಬಟ್ಟಲಿನ ಹಾಗೆ ಪಕ್ಕಕ್ಕೂ ಕಬ್ಬಿಣ ಸುತ್ತಿದ ಮಾದರಿ ಬರುತ್ತದೆ. ಅದು ಕಬ್ಬಿಣಕ್ಕೆ ಅಂಟಿದರೆ ಕೀಳಲಾಗದಷ್ಟು ಗಟ್ಟಿ, ಆದರೆ ಶಕ್ತಿಯೆಲ್ಲ ಅಂಚಿನಲ್ಲೇ ತಿರುಗಿಬಿಡುವುದರಿಂದ ಆಳಕ್ಕೆ ಇಳಿಯುವುದು ಕಮ್ಮಿ. ಎಳೆತ ಜಾಸ್ತಿ ಅಂತ ಅದನ್ನು ಕೊಳ್ಳಬೇಡಿ.

ಇಷ್ಟೆಲ್ಲ ಮಾಡಿದರೆ ನೋವು ಹೋಗುತ್ತಾ? ನಿಜ ಹೇಳಬೇಕು ಅಂದರೆ ನನಗೆ ನಂಬಿಕೆ ಇಲ್ಲ. 1997ರಲ್ಲಿ ಅಮೆರಿಕದಲ್ಲಿ, ಹಿಂದೆ ಪೋಲಿಯೋ ಆಗಿದ್ದ 50 ಜನರ ಮೇಲೆ ಪರೀಕ್ಷೆ ಮಾಡಿದಾಗ ಮ್ಯಾಗ್ನೆಟ್ ಇಟ್ಟವರಿಗೆ ನೋವು ಇಳಿದಿತ್ತು, ಮಾರುವವರು ಅದನ್ನೇ ಹೇಳುತ್ತಾರೆ. ಆದರೆ ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟು ಹಾಕಿ 2007ರಲ್ಲಿ ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ವಿಮರ್ಶೆ ನೋವಿಗೆ ಇದನ್ನು ಶಿಫಾರಸು ಮಾಡಲಿಲ್ಲ. ರಕ್ತದ ಕಬ್ಬಿಣವನ್ನು ಎಳೆಯುತ್ತದೆ ಅನ್ನುವುದಂತೂ ಸುಮ್ನೆ ಮಾತು. ಹಾಗಿದ್ದರೆ 15,000 ಗಾಸ್ ಇರುವ ಎಂಆರ್‌ಐ ಮೆಷಿನ್ನಿನೊಳಗೆ ಮಲಗಿದವರ ಗತಿ ಏನು? ಹಾಂ, ಬೆಲ್ಟಿನ ಬಿಸಿ, ಬಿಗಿ ಎರಡರಿಂದ ಮಂಡಿಗೆ ಹಾಯ್ ಅನ್ನಿಸಬಹುದು. ಅಮ್ಮನಿಗೆ ಆದದ್ದೂ ಅದೇ ಅಂತ ನನ್ನ ಅಂದಾಜು.

ತಂದೆಯವರಿಗೆ ಅಥವಾ ಮನೆಯಲ್ಲಿ ಬೇರೆ ಯಾರಿಗಾದರೂ ಪೇಸ್‌ಮೇಕರ್ ಇದೆಯಾ? ನೀವು ಬರೆದಿಲ್ಲ. ಇದ್ದರೆ ಬಿಲ್ಲೆಯನ್ನು ನೆಚ್ಚಬೇಡಿ. 10 ಗಾಸ್ ಸುಮಾರಿಗೇ ಅದರ ನಡೆ ಬದಲಾಗಬಹುದು. ಮ್ಯಾಗ್ನೆಟ್ ಇರುವ ಯಾವ ವಸ್ತುವೂ ಅದರಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇರಬೇಕು, ಭುಜಕ್ಕೆ ಕತ್ತಿಗೆ ಕಟ್ಟುವ ಬೆಲ್ಟಂತೂ ಬೇಡವೇ ಬೇಡ. ಇನ್ಸುಲಿನ್ ಪಂಪ್, ಕಿವಿಯೊಳಗಿನ ಇಂಪ್ಲಾಂಟ್ ಇದ್ದವರೂ ಡಾಕ್ಟರನ್ನು ಕೇಳದೆ ಹತ್ತಿರ ತರಬಾರದು. ಇನ್ನು, ಬಿಲ್ಲೆ ಕೀಳಲು ಸ್ಕ್ರೂಡ್ರೈವರ್ ಹಾಕಿದರೆ ನಿಯೋಡಿಮಿಯಂ ಗಾಜಿನ ಹಾಗೆ ಚೂರಾಗುತ್ತದೆ. ಮಕ್ಕಳು ಎರಡು ಚೂರು ನುಂಗಿದರೆ ಕರುಳಿನ ಮಡಿಕೆಗಳನ್ನು ಮಧ್ಯೆ ಹಿಡಿದು ಅಂಟಿಕೊಳ್ಳುತ್ತವೆ, ಆಪರೇಷನ್‌ವರೆಗೂ ಹೋಗುತ್ತದೆ.

ಮೊದಲು ಗುಂಡುಸೂಜಿ ಹಿಡಿದು ನೋಡಿ. ಉಲ್ಟಾ ಇದ್ದರೆ ಹೊಲಿಗೆ ಬಿಚ್ಚುವ ಕೆಲಸವೂ ಬೇಡ, ಪಟ್ಟಿ ಅವಕಾಶ ಕೊಟ್ಟರೆ ಬೆಲ್ಟನ್ನೇ ಒಳಗು ಹೊರಗು ಮಾಡಿ ಕಟ್ಟಿಕೊಳ್ಳಲಿ. ನಮ್ಮಮ್ಮ ಈಗ ಹಾಗೇ ಕಟ್ಟುತ್ತಾರೆ, ಕಂಪನಿ ಹೆಸರು ಒಳಗೆ ಹೋಯಿತು ಅಂತ ಒಂದೇ ಬೇಜಾರು ಅವರಿಗೆ.