ಹೆಬ್ಬೆರಳ ಬುಡದ ಆ ಸಣ್ಣ ಮೂಳೆ ಮುರಿದ್ರೆ ಪ್ಲಾಸ್ಟರಾ, ಸ್ಕ್ರೂನಾ?

ನಿಮ್ಮ ಪ್ರಶ್ನೆ ಎರಡು ಸಲ ಓದ್ದೆ. ಸ್ಕೂಟರ್ ಸ್ಕಿಡ್ ಆಗಿ ಅಂಗೈ ಊರ್ಕೊಂಡು ಬಿದ್ರಿ, ಮಣಿಕಟ್ಟಲ್ಲಿ ಸ್ಕ್ಯಾಫಾಯ್ಡ್ ಅನ್ನೋ ಸಣ್ಣ ಮೂಳೆ ಮುರಿದಿದೆ, ಒಬ್ರು ಡಾಕ್ಟರ್ ಪ್ಲಾಸ್ಟರ್ ಸಾಕು ಅಂತಾರೆ, ಇನ್ನೊಬ್ರು ಈಗ್ಲೇ ಆಪರೇಷನ್ ಮಾಡಿ ಸ್ಕ್ರೂ ಹಾಕ್ಬಿಡೋಣ ಅಂತಾರೆ, ಯಾರ ಮಾತು ಕೇಳ್ಲಿ, ಗಾಡಿ ಓಡ್ಸೋಕೆ ಎಷ್ಟು ದಿನ ಬೇಕು ಅಂತ ಕೇಳಿದ್ದೀರ. ನಾನು ಡಾಕ್ಟರ್ ಅಲ್ಲ, ಚಾಮರಾಜಪೇಟೆಲಿ ಒಂದು ಪ್ರಿಂಟಿಂಗ್ ಪ್ರೆಸ್ಸಲ್ಲಿ ಕಟಿಂಗ್ ಮಷೀನ್ ನೋಡ್ಕೋತೀನಿ. ಇದೇ ಮೂಳೆ, ಇದೇ ಬಲಗೈ, ನಂದು ತಡ ಆಗಿ ದೊಡ್ಡ ಆಪರೇಷನ್ನೇ ಆಯ್ತು, ಅದಕ್ಕೇ ಉದ್ದ ಬರೀತಿದೀನಿ.

ಮೊದ್ಲು ಒಂದು ಮಾತು, ನಿಮ್ದು ಬೇಗ ಗೊತ್ತಾಗಿದೆ, ಅದೇ ಅರ್ಧ ಗೆದ್ದಂಗೆ. ನಂದು 2021ರ ಅಕ್ಟೋಬರ್, ಮಳೆ, ನಾಯಂಡಹಳ್ಳಿ ಹತ್ರ ಬಿದ್ದೆ. ಮನೆ ಹತ್ರದ ಕ್ಲಿನಿಕ್ಕಲ್ಲಿ ಎಕ್ಸ್‌ರೇ ತೆಗೆದ್ರು, ಏನೂ ಇಲ್ಲ ಉಳುಕು ಅಷ್ಟೇ ಅಂದ್ರು, ಕ್ರೇಪ್ ಬ್ಯಾಂಡೇಜ್ ಸುತ್ತಿ ಕಳಿಸಿದ್ರು. ಈ ಮೂಳೆ ಬಿರುಕು ಬಿಟ್ಟಿದ್ದು ಮೊದಲನೇ ದಿನದ ಎಕ್ಸ್‌ರೇಲಿ ಎಷ್ಟೋ ಸಲ ಕಾಣೋದೇ ಇಲ್ಲ. ಅದಕ್ಕೇ ಅನುಮಾನ ಇದ್ರೆ ಪ್ಲಾಸ್ಟರ್ ಹಾಕಿ 10-14 ದಿನ ಬಿಟ್ಟು ಮತ್ತೆ ತೆಗೀತಾರೆ, ಇಲ್ಲಾ ನೇರ ಎಂಆರ್‌ಐ ಮಾಡಿಸ್ತಾರೆ. ಹೆಬ್ಬೆರಳು ಮೇಲಕ್ಕೆ ಎತ್ತಿ ನೋಡಿ, ಬುಡದಲ್ಲಿ ಎರಡು ನರದ ಥರ ಎದ್ದು ನಿಂತು ಮಧ್ಯ ಒಂದು ಗುಳಿ ಬೀಳುತ್ತಲ್ಲ, ಹಿಂದೆ ಅದ್ರಲ್ಲಿ ನಶ್ಯ ಇಟ್ಕೊಂಡು ಏರಿಸ್ತಿದ್ರಂತೆ, ಡಾಕ್ಟರ್‌ಗಳು ಅದಕ್ಕೆ ನಶ್ಯದ ಡಬ್ಬಿ ಅಂತಾನೇ ಹೆಸರಿಟ್ಟಿದಾರೆ. ಬಿದ್ದೋರಿಗೆ ಅಲ್ಲಿ ಒತ್ತಿದ್ರೆ ನೋವಿದ್ರೆ ಎಕ್ಸ್‌ರೇ ಏನೇ ಹೇಳ್ಲಿ ಸುಮ್ನೆ ಬಿಡಬಾರ್ದು. ನಂಗೆ ಆ ಕ್ಲಿನಿಕ್ಕಲ್ಲಿ ಆ ಗುಳಿ ಯಾರೂ ಒತ್ತಿ ನೋಡ್ಲಿಲ್ಲ, ಇವತ್ತಿಗೂ ಆ ಬೇಜಾರು ಹೋಗಿಲ್ಲ.

ಎರಡು ವಾರಕ್ಕೆ ಊತ ಇಳೀತು, ಕೆಲಸಕ್ಕೆ ಹೋದೆ. ಎಂಟು ತಿಂಗಳಾದ್ಮೇಲೆ ಪೇಪರ್ ರೀಮ್ ಎತ್ತೋವಾಗ ಒಳಗೆ ಟಕ್ ಅನ್ನೋದು, ನೆಲಕ್ಕೆ ಅಂಗೈ ಊರಿ ಏಳೋಕೇ ಆಗ್ತಿರ್ಲಿಲ್ಲ, ಒದ್ದೆ ಬಟ್ಟೆ ಹಿಂಡಿದ್ರೆ ಕಣ್ಣಲ್ಲಿ ನೀರು. ಆಗ ಕೈ ಆಪರೇಷನ್ ಮಾತ್ರ ಮಾಡೋ ಡಾಕ್ಟರ್ ಒಬ್ರ ಹತ್ರ ಹೋದೆ, ಸಿಟಿ ಸ್ಕ್ಯಾನಲ್ಲಿ ನೋಡಿದ್ರೆ ಮೂಳೆ ಕೂಡೇ ಇಲ್ಲ, ಎರಡು ತುಂಡು ಹಂಗೇ ಇದೆ, ಮಧ್ಯ ಸವೆದು ಗೂನು ಬೆನ್ನಿನ ಥರ ಬಾಗಿದೆ.

ಯಾಕೆ ಹಿಂಗೆ, ಸಣ್ಣ ಮೂಳೆ ತಾನೇ, ಕೂಡ್ಕೋಬೇಕಿತ್ತಲ್ಲ ಅಂತ ಕೇಳ್ದೆ. ಅವ್ರು ಚೀಟಿ ಹಿಂದೆ ದೋಣಿ ಥರ ಒಂದು ಚಿತ್ರ ಬರೆದ್ರು, ಸ್ಕ್ಯಾಫಾಯ್ಡ್ ಅಂದ್ರೆ ಗ್ರೀಕಲ್ಲಿ ದೋಣಿ ಆಕಾರದ್ದು ಅಂತಾನೇ ಅರ್ಥ. ಇದ್ರ ಮೈ ಸುಮಾರು 80 ಪರ್ಸೆಂಟ್ ಕಾರ್ಟಿಲೇಜ್ ಅನ್ನೋ ನುಣುಪು ಪದರ ಮುಚ್ಚಿರೋದ್ರಿಂದ ರಕ್ತನಾಳ ಒಳಗೆ ಹೋಗೋಕೆ ಜಾಗನೇ ಕಮ್ಮಿ. ಹೆಚ್ಚಿನ ರಕ್ತ ಬೆರಳ ಕಡೆ ತುದಿ ಹತ್ರ ಒಳಗೆ ಬಂದು ಅಲ್ಲಿಂದ ವಾಪಸ್ ಮೊಣಕೈ ಕಡೆ ತುದಿಗೆ ಹರಿಯುತ್ತೆ. ನಮ್ಮೂರು ಮದ್ದೂರು ಕಡೆ, ವಿಶ್ವೇಶ್ವರಯ್ಯ ನಾಲೆ ಕೊನೆ ಭಾಗ. ಮೇಲೆ ಎಲ್ಲೋ ಏರಿ ಒಡೆದ್ರೆ ನಮ್ಮ ಗದ್ದೆಗೆ ಹನಿ ನೀರೂ ಬರಲ್ಲ. ಇಲ್ಲೂ ಅದೇ ಕಥೆ, ನಡುವೆ ಮುರಿದ್ರೆ ಮೊಣಕೈ ಕಡೆ ತುಂಡು ಕೊನೆ ಭಾಗದ ರೈತನ ಗದ್ದೆ ಆಗೋಗುತ್ತೆ, ಕೂಡೋದು ನಿಧಾನ, ಕೆಲವ್ರಿಗೆ ಆ ತುಂಡು ರಕ್ತ ಇಲ್ದೆ ಸತ್ತೇ ಹೋಗುತ್ತೆ. ಹಂಗೇ ಬಿಟ್ರೆ ವರ್ಷಗಳು ಕಳೆದಂಗೆ ಇಡೀ ಮಣಿಕಟ್ಟು ಸವೆದು ಸಂಧಿವಾತ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಇಬ್ರು ಡಾಕ್ಟರಲ್ಲಿ ಒಬ್ರು ಸುಳ್ಳು ಹೇಳ್ತಿದಾರೆ ಅಂತ ಅಲ್ಲ. ಮೂಳೆ ಯಾವ ಜಾಗದಲ್ಲಿ ಮುರಿದಿದೆ, ತುಂಡು ಎಷ್ಟು ಜರುಗಿದೆ, ಈ ಎರಡರ ಮೇಲೇ ಎಲ್ಲಾ ನಿಂತಿರೋದು, ನೀವು ಅದನ್ನ ಬರೆದಿಲ್ಲ. ಬೆರಳ ಕಡೆ ತುದಿ ಆದ್ರೆ ಸಾಮಾನ್ಯವಾಗಿ ಪ್ಲಾಸ್ಟರಲ್ಲೇ ಬೇಗ ಕೂಡುತ್ತೆ. ಮೊಣಕೈ ಕಡೆ ತುದಿ ಆದ್ರೆ ಜರುಗದೇ ಇದ್ರೂ ಸ್ಕ್ರೂ ಹಾಕೋಣ ಅಂತಾರೆ, ನಾಲೆ ವಿಷಯ ಹೇಳಿದ್ನಲ್ಲ ಅದೇ ಕಾರಣ. ನಡು ಭಾಗ ಮುರಿದು ತುಂಡು ಜರುಗದೇ ಇದ್ರೆ ಎರಡೂ ದಾರಿ ಇದೆ. ಬ್ರಿಟನ್‌ನಲ್ಲಿ ಇದೇ ಥರ ನಡು ಮುರಿದ, 2 ಮಿಲಿಮೀಟರ್‌ಗಿಂತ ಹೆಚ್ಚು ಜರುಗದ 439 ಜನರನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪ್ಲಾಸ್ಟರ್, ಇನ್ನೊಂದಕ್ಕೆ ಆಪರೇಷನ್ ಮಾಡಿ ನೋಡಿದ್ರು, 2020ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಲಿ ಬಂತು. ಒಂದು ವರ್ಷ ಆದ್ಮೇಲೆ ನೋವಲ್ಲಿ, ಕೈ ಕೆಲಸದಲ್ಲಿ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಇರ್ಲಿಲ್ಲ. ಮೊದ್ಲು ಪ್ಲಾಸ್ಟರ್ ಹಾಕಿ, ಕೂಡಲಿಲ್ಲ ಅಂತ ಗೊತ್ತಾದ ತಕ್ಷಣ ಆಪರೇಷನ್ ಮಾಡಿ ಅನ್ನೋದು ಅವ್ರ ಸಲಹೆ. ಆ 'ತಕ್ಷಣ' ಅನ್ನೋ ಪದ ಮರೀಬೇಡಿ. ಪ್ಲಾಸ್ಟರ್ ಅಂದ್ರೆ 8ರಿಂದ 12 ವಾರ ಆಗ್ಬಹುದು, ತೆಗೆದ್ಮೇಲೆ ಕೂಡಿದೆಯಾ ಅಂತ ಸ್ಕ್ಯಾನಲ್ಲಿ ನೋಡ್ಲೇಬೇಕು. ನೋವಿಲ್ಲ ಅಂತ ವಾಪಸ್ ಹೋಗ್ದೇ ಇದ್ರೆ ನನ್ನ ಥರ ಆಗುತ್ತೆ.

ಹಂಗಾಗಿ ಮೊದ್ಲು ಸಿಟಿ ಮಾಡಿಸಿ. ಆ ಬ್ರಿಟನ್ ಅಧ್ಯಯನದಲ್ಲಿ 2 ಮಿಲಿಮೀಟರ್‌ವರೆಗೂ ತಗೊಂಡಿದ್ರೂ, 1 ಮಿಲಿಮೀಟರ್‌ಗಿಂತ ಜಾಸ್ತಿ ಜರುಗಿದ್ರೇ ಆಪರೇಷನ್ ಅನ್ನೋ ಡಾಕ್ಟರ್‌ಗಳು ತುಂಬಾ ಜನ ಇದಾರೆ, ನಾನಾಗಿದ್ರೂ ಅದಕ್ಕೇ ಒಪ್ತಿದ್ದೆ.

ಸ್ಕ್ರೂ ಬಗ್ಗೆ ಭಯ ಬೇಡ. ಟಿಮೊಥಿ ಹರ್ಬರ್ಟ್ ಅನ್ನೋ ಆಸ್ಟ್ರೇಲಿಯಾದ ಸರ್ಜನ್ ಮಾಡಿದ್ದು, 1984ರಲ್ಲಿ ಅದ್ರ ಬಗ್ಗೆ ಲೇಖನ ಬಂತು, ಈಗ್ಲೂ ಎಲ್ರೂ ಹರ್ಬರ್ಟ್ ಸ್ಕ್ರೂ ಅಂತಾನೇ ಅಂತಾರೆ. ಮಷೀನ್ ಕೆಲಸದೋನಾಗಿ ನಂಗೆ ಅದು ತುಂಬಾ ಹಿಡಿಸ್ತು. ಅದಕ್ಕೆ ತಲೆನೇ ಇಲ್ಲ, ತಲೆ ಇದ್ರೆ ಕೀಲೊಳಗೆ ಚುಚ್ಚುತ್ತಲ್ಲ, ಪೂರ್ತಿ ಮೂಳೆ ಒಳಗೇ ಮುಳುಗುತ್ತೆ. ಎರಡು ತುದಿಲೂ ಥ್ರೆಡ್ ಇದೆ, ಮುಂದಿನ ಥ್ರೆಡ್ ಸುತ್ತುಗಳ ನಡುವೆ ಅಂತರ ಜಾಸ್ತಿ, ಹಿಂದಿನದು ಒತ್ತೊತ್ತು, ಒಂದು ಸುತ್ತು ತಿರುಗ್ಸಿದ್ರೆ ಮುಂದಿನದು ಜಾಸ್ತಿ ದೂರ ಹೋಗುತ್ತೆ, ಹಿಂದಿನದು ಕಮ್ಮಿ, ಅಷ್ಟರಲ್ಲೇ ಎರಡು ತುಂಡು ಬಿಗಿಯಾಗಿ ಕಚ್ಕೊಳ್ಳುತ್ತೆ. ಹೊಸ ಮುರಿತ ಆದ್ರೆ ಸಣ್ಣ ತೂತಲ್ಲೇ ದಾರಿ ತೋರ್ಸೋ ತಂತಿ ಮೇಲೆ ಸ್ಕ್ರೂ ಕೂರಿಸ್ತಾರೆ, ಎಕ್ಸ್‌ರೇಲಿ ಒಳಗೆ ನೋಡ್ತಾ. ತೊಂದ್ರೆ ಕೊಡದಿದ್ರೆ ಅದನ್ನ ತೆಗೆಯೋದೂ ಬೇಡ.

ನಂದು ಹಳೇದಾಗಿದ್ರಿಂದ ಅಷ್ಟಕ್ಕೆ ಮುಗೀಲಿಲ್ಲ. ಮಣಿಕಟ್ಟಿನ ಅಂಗೈ ಕಡೆ ಕುಯ್ದು, ಸತ್ತ ಭಾಗ ಕೆರೆದು ತೆಗೆದು, ಸೊಂಟದ ಮೂಳೆಯಿಂದ ಒಂದು ತುಂಡು ತಗೊಂಡು ಬೆಣೆ ಥರ ಮಧ್ಯ ಕೂರ್ಸಿ, ಗೂನು ಸರಿ ಮಾಡಿ, ಆಮೇಲೆ ಸ್ಕ್ರೂ. ನಿಜ ಹೇಳ್ಬೇಕು ಅಂದ್ರೆ ಕೈಗಿಂತ ಸೊಂಟ ನೋಯ್ತು, ಹತ್ತು ದಿನ ಮಗ್ಗುಲಾಗಿ ಮಲಗೋಕೆ ಆಗ್ಲಿಲ್ಲ, ಅಮ್ಮ ಊರಿಂದ ಬಂದು ಅನ್ನ ಕಲಸಿ ತಿನ್ನಿಸ್ತಿದ್ರು. ನಿಮಗೆ ಆ ಹಂತ ಬರೋದು ಬೇಡ ಅಂತಾನೇ ಇಷ್ಟು ಬರೀತಿರೋದು.

ಸಿಗರೇಟ್ ಸೇದ್ತೀರಾದ್ರೆ ಇವತ್ತೇ ನಿಲ್ಸಿ, ಹೊಗೆ ಇದ್ರೆ ಮೂಳೆ ಕೂಡೋದು ಇನ್ನೂ ಕಷ್ಟ, ನನ್ನ ಡಾಕ್ಟರ್ ಆಪರೇಷನ್ ಡೇಟ್ ಕೊಡೋ ಮುಂಚೆ ಕೇಳಿದ ಮೊದಲನೇ ಪ್ರಶ್ನೆನೇ ಅದು. ಮನೇಲಿ ಯಾರಾದ್ರೂ ಪುತ್ತೂರು ಕಟ್ಟು ಹಾಕ್ಸೋಣ ಅಂತಾರೆ, ನಮ್ಮ ಮಾವನೂ ಅಂದ್ರು. ಎಕ್ಸ್‌ರೇಗೇ ಸಿಗದ ಮೂಳೆನ ಕೈಲಿ ಮುಟ್ಟಿ ಕೂರ್ಸೋಕೆ ಆಗಲ್ಲ, ದಯವಿಟ್ಟು ಈ ಮೂಳೆಗೆ ಬೇಡ. ದುಡ್ಡಿನ ಯೋಚನೆ ಇದ್ರೆ ಜಯನಗರದ ಹತ್ರ ಸಂಜಯ್ ಗಾಂಧಿ ಆಸ್ಪತ್ರೆ ಇದೆ, ಮೂಳೆ ಮತ್ತೆ ಅಪಘಾತಕ್ಕೇ ಅಂತ ಇರೋ ಸರ್ಕಾರಿ ಸಂಸ್ಥೆ, ಅಲ್ಲೂ ಒಂದು ಸಲ ತೋರ್ಸಿ.

ಗಾಡಿ ವಿಷಯ. ಪ್ಲಾಸ್ಟರ್ ಇರೋವಾಗ ಬೇಡವೇ ಬೇಡ, ಬಲಗೈಲಿ ಬ್ರೇಕ್ ಹಿಡಿಯೋಕೆ ಆಗಲ್ಲ. ನಂಗೆ ಆಪರೇಷನ್ ಆಗಿ ಮೂರು ತಿಂಗಳಿಗೆ ಸಿಟಿ ಸ್ಕ್ಯಾನಲ್ಲಿ ಕೂಡಿದೆ ಅಂತ ಬಂತು, ಆಮೇಲೆ ಆರು ವಾರ ಫಿಸಿಯೋ, ನಾಲ್ಕೂವರೆ ತಿಂಗಳಿಗೆ ಮನೆಯಿಂದ ಪ್ರೆಸ್‌ವರೆಗೆ ಆಕ್ಟಿವಾ ಓಡಿಸ್ದೆ. ಅದೂ ಡಾಕ್ಟರ್ ಎದ್ರಿಗೆ ಕೂತು ಅವ್ರ ಬೆರಳನ್ನ ಗಟ್ಟಿಯಾಗಿ ಹಿಂಡಿ ತೋರಿಸಿದ್ಮೇಲೆ.